ರಾಹೇಲಳ ಸಮಾಧಿಗೆ ಹೊರಟಿದ್ದ ನೆರೆಮನೆಯಾಕೆ

ಲಂಡನ್ನಿನ ಎಜ್‌ವೇರ್‌ನಲ್ಲಿ ನಮ್ಮದು ಜೋಡಿಮನೆ. ನಡುವೆ ಒಂದೇ ಗೋಡೆ. ಆ ಕಡೆ ಅವರು, ಯೆಹೂದಿ ಗಂಡಹೆಂಡತಿ; ಈ ಕಡೆ ನಾವು. ಅವರು ಮೆಟ್ಟಿಲು ಹತ್ತಿದರೆ ನಮ್ಮ ಕಪಾಟಿನ ಗಾಜು ಸಣ್ಣಗೆ ನಡುಗುತ್ತಿತ್ತು. ಇಪ್ಪತ್ತು ವರ್ಷ ನಾನು ಆ ಗೋಡೆಗೆ ಕಿವಿ ಕೊಟ್ಟು ಬದುಕಿದೆ. ಅಲ್ಲಿ ಏನೋ ನಡೆಯುತ್ತಿದೆ, ಅದನ್ನು ನಮ್ಮಿಂದ ಮುಚ್ಚಿಡುತ್ತಿದ್ದಾರೆ ಎಂದು ನಂಬಿದ್ದೆ. ಈಗ ಆ ಕಡೆ ಸದ್ದೇ ಇಲ್ಲ. ಹೋದ ತಿಂಗಳು ಅವರ ಮಗಳು ಬಂದು ಸಾಮಾನು ಹಂಚಿ, ಅಂಗಳದಲ್ಲಿ ಮಾರಾಟದ ಹಲಗೆ ನೆಡಿಸಿ ಹೋದಳು.

ಆ ಮನೆಯಾಕೆಯ ಹೆಸರು ಹೇಳುವುದಿಲ್ಲ. ಹೇಳುವ ಹಕ್ಕು ನನಗಿಲ್ಲ ಅನ್ನಿಸುತ್ತದೆ. ನಾನು ವಿಜಾಪುರದ ಕಡೆಯವನು, ಮೆಟ್ರಿಕ್‌ವರೆಗೆ ಓದಿದವನು. ಅಕ್ಸ್‌ಬ್ರಿಡ್ಜ್‌ನ ಒಂದು ಗೋದಾಮಿನಲ್ಲಿ ಸಾಮಾನು ಇಳಿಸಿ ಏರಿಸಿ ನಿವೃತ್ತನಾದೆ. ಬರೆಯುವ ಅಭ್ಯಾಸವಿಲ್ಲ. ತೋಚಿದ ಹಾಗೆ ಬರೆಯುತ್ತೇನೆ.

ಅವರು ಗಿಡ್ಡ, ದಪ್ಪ ಕನ್ನಡಕ, ಗಂಡನ ಹಳೆಯ ಸ್ವೆಟರ್. ಸ್ಟೇಷನ್ ರಸ್ತೆಯ ಒಂದು ಉಲನ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಬಟ್ಟೆ ಒಣಹಾಕುವಾಗ ಕ್ಲಿಪ್ಪುಗಳನ್ನು ಬಾಯಲ್ಲಿ ಕಚ್ಚಿಕೊಂಡೇ ಬೇಲಿಯಾಚೆಯಿಂದ ನನ್ನ ಹೆಂಡತಿ ಸುಶೀಲಾಳ ಜೊತೆ ಮಾತಾಡುತ್ತಿದ್ದರು. ಸುಶೀಲಾಳ ಇಂಗ್ಲಿಷು ಅಷ್ಟಕ್ಕಷ್ಟೆ. ಅವರ ಬಾಯಲ್ಲೋ ಕ್ಲಿಪ್ಪು. ಆದರೂ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಏನು ನಕ್ಕಿರಿ ಎಂದು ಕೇಳಿದರೆ ಸುಶೀಲಾ, "ಏನಿಲ್ಲರಿ, ನರಿ ಬಂದು ಆಕಿ ಗಂಡನ ಚಪ್ಪಲಿ ಒಯ್ತಂತ," ಎನ್ನುತ್ತಿದ್ದಳು. ಇಷ್ಟಕ್ಕೆ ಯಾರಾದರೂ ಅಷ್ಟು ನಗುತ್ತಾರೆಯೆ? ನನಗೆ ಸಂಶಯ.

ಅವರ ಬಾಗಿಲ ಚೌಕಟ್ಟಿಗೆ ಓರೆಯಾಗಿ ಒಂದು ಸಣ್ಣ ಡಬ್ಬಿ ಹೊಡೆದಿದ್ದರು. ಒಳಗೆ ಹೋಗುವಾಗ, ಹೊರಗೆ ಬರುವಾಗ ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಿದ್ದರು. ಒಳಗಿರುವುದು ಅವರ ದೇವರ ವಚನದ ಚೀಟಿ ಎಂದು ಆಗ ಗೊತ್ತಿರಲಿಲ್ಲ, ನನ್ನ ಲೆಕ್ಕದಲ್ಲಿ ಅದು ತಾಯಿತ. ತಾಯಿತ ಕಟ್ಟಿದ ಮನೆ ಎಂದರೆ ಮಾಟ ಗೊತ್ತಿರುವ ಮನೆ. ಬೀದಿಯ ಮಕ್ಕಳನ್ನು ರಸ್ತೆ ದಾಟಿಸುವಾಗ ಅವರು "ಒಂದಲ್ಲ, ಎರಡಲ್ಲ, ಮೂರಲ್ಲ" ಎಂದು ಎಣಿಸುತ್ತಿದ್ದರು. ಜನರನ್ನು ನೇರವಾಗಿ ಎಣಿಸಬಾರದು, ಕಣ್ಣು ಬೀಳುತ್ತದೆ ಎಂದು ಅವರ ನಂಬಿಕೆ. ನಮ್ಮಪ್ಪ ಕಣದಲ್ಲಿ ಜೋಳ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನದೆ "ಲಾಭ" ಎನ್ನುತ್ತಿದ್ದ. ಅದು ನನಗೆ ಆಗ ನೆನಪಾಗಲಿಲ್ಲ. ನೆನಪಾದದ್ದು ಒಂದೇ: ಮೂರು ಮಕ್ಕಳನ್ನು ಕಣ್ಣೆದುರಿಗೇ ಮೂರಲ್ಲ ಎನ್ನುವವರನ್ನು ನಂಬುವುದು ಹೇಗೆ?

ನಮ್ಮ ಮನೆಯಲ್ಲಿ ಅವರು ಏನೂ ತಿನ್ನುತ್ತಿರಲಿಲ್ಲ. ಸುಶೀಲಾ ಹೋಳಿಗೆ ಮಾಡಿ ತಟ್ಟೆ ಹಿಡಿದರೆ ಕೈಮುಗಿದು, ಬುಟ್ಟಿಯಿಂದ ಒಂದು ಇಡೀ ಕಿತ್ತಳೆ ಎತ್ತಿಕೊಳ್ಳುತ್ತಿದ್ದರು. ಹೆಚ್ಚಿದ್ದು ಬೇಡ, ಇಡೀದೇ ಬೇಕು. ಒಂದು ದೀಪಾವಳಿಗೆ ನಾನು ಸಿಟ್ಟಾದೆ.

"ನಮ್ಮ ಮನಿ ಅನ್ನ ಅಂದ್ರ ಇಕಿಗೆ ವಿಷ ಅನಸ್ತದೇನು?"

ಸುಶೀಲಾ ಒಲೆ ಒರೆಸುತ್ತ, "ನಿಮ್ಮವ್ವ ಲಿಂಗ ಕಟ್ಟಲಾರದ ಭವಿಗಳ ಮನ್ಯಾಗ ನೀರರೆ ಕುಡೀತಿದ್ರೇನು? ನನ್ನ ತವರಮನ್ಯಾಗ ಸೈತ ಚರಿಗಿ ತಾವ ತರ್ತಿದ್ರು. ಅವಾಗ ಮಡಿ, ಇವಾಗ ವಿಷ?" ಎಂದಳು.

"ನಮ್ಮವ್ವನ ಮಾತ ಬ್ಯಾರೆ."

"ಹೌದ್ರಿ, ನಿಮ್ಮವ್ವ ಅಲ್ಲ, ಅದಕ್ಕ ಬ್ಯಾರೆ."

ನನ್ನ ತಲೆಯಲ್ಲಿ ಈ ಸಂಶಯವನ್ನು ಹುಟ್ಟಿಸಿದ್ದು ಯಾರು ಎಂದು ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ಆದರೆ ನೀರು ಹಾಕಿದವರಿದ್ದರು. ಗೋದಾಮಿನ ಮೇಸ್ತ್ರಿಯೊಬ್ಬ ಬಿಳಿಯ. ಎಜ್‌ವೇರ್‌ನಲ್ಲಿ ಯೆಹೂದಿಗಳು ಹೆಚ್ಚು. ನಾನು ಅಲ್ಲಿ ಮನೆ ಕೊಂಡೆ ಎಂದಾಗ ಕಣ್ಣು ಮಿಟುಕಿಸಿ, "ಆ ಜನರ ಮಧ್ಯೆಯಾ? ಜೇಬು ಹೊಲಿಸಿಕೊ ಮಾರಾಯ," ಎಂದಿದ್ದ. ಅದೇ ಬಾಯಿಂದ ನನ್ನನ್ನು ಪಾಕಿ ಎಂದು ಹೀಯಾಳಿಸುತ್ತಿದ್ದ. ಆ ಬಾಯಿಂದ ನನ್ನ ಬಗ್ಗೆ ಬಂದದ್ದು ಸುಳ್ಳು ಎಂದು ನನಗೆ ಗೊತ್ತಿತ್ತು. ಅವರ ಬಗ್ಗೆ ಬಂದದ್ದು ಮಾತ್ರ ನಿಜವಿರಬೇಕು ಎಂದು ಜೇಬಿಗೆ ಹಾಕಿಕೊಂಡು ಮನೆಗೆ ತಂದೆ.

ಒಂದು ಚಳಿಗಾಲ ಯಾರೋ ಅವರ ಮುಂದಿನ ಗಿಡ್ಡ ಗೋಡೆಯ ಮೇಲೆ ಕಪ್ಪು ಬಣ್ಣದಲ್ಲಿ ನಾಝಿಗಳ ಚಿಹ್ನೆ ಬರೆದು ಹೋಗಿದ್ದರು. ಬೆಳಿಗ್ಗೆ ನಾನು ಪರದೆಯ ಸಂದಿಯಿಂದ ನೋಡಿದೆ. ಗಂಡ ಏಳುವುದರೊಳಗೆ ಅಳಿಸಬೇಕೆಂದು ಅವರು ಮೊಣಕಾಲೂರಿ ತಂತಿ ಬ್ರಷ್ಷಿನಿಂದ ಉಜ್ಜುತ್ತಿದ್ದರು. ಬೆರಳೆಲ್ಲ ಕೆಂಪಾಗಿತ್ತು. ನಾನು ಬಾಗಿಲು ತೆಗೆಯಲಿಲ್ಲ. ಏನೂ ಮಾಡದವರ ಗೋಡೆಯ ಮೇಲೆ ಯಾಕೆ ಬರೆಯುತ್ತಾರೆ ಎಂದು ಚಹಾ ಕುಡಿಯುತ್ತ ಯೋಚಿಸಿದೆ. ನಾವು ಈ ದೇಶಕ್ಕೆ ಬಂದ ಹೊಸತರಲ್ಲಿ ನಮ್ಮ ಬಾಗಿಲ ಅಂಚೆಕಿಂಡಿಯಿಂದ ಯಾರೋ ಹೊಲಸು ತಳ್ಳಿದ್ದರು. ಆಗ ಈ ಪ್ರಶ್ನೆಯನ್ನು ನನಗೆ ನಾನು ಕೇಳಿಕೊಂಡಿರಲಿಲ್ಲ.

ಅವರ ಗಂಡ ಇಲ್ಲಿನ ಸುರಂಗ ರೈಲು ಟ್ಯೂಬ್‌ನಲ್ಲಿ ಸಿಗ್ನಲ್ ಕೆಲಸ ಮಾಡಿದವರು. ತೊಂಬತ್ತರ ದಶಕದ ಕೊನೆಗೆ ಮರೆವು ಹಿಡಿಯಿತು. ಹೆಂಡತಿಯನ್ನು ಅಕ್ಕ ಎನ್ನುವರು, ಹೊತ್ತಲ್ಲದ ಹೊತ್ತಿನಲ್ಲಿ ಕೋಟು ಹಾಕಿಕೊಂಡು ಕೆಲಸಕ್ಕೆ ಹೊರಡುವರು. ಕೌನ್ಸಿಲ್‌ನಿಂದ ನೋಡಿಕೊಳ್ಳಲು ಬಂದ ಹುಡುಗಿಯರನ್ನು ಕಂಡರೆ ಬಾಗಿಲು ಹಾಕಿಕೊಳ್ಳುವರು. ಸುಮ್ಮನಿರುತ್ತಿದ್ದದ್ದು ಸುಶೀಲಾಳ ಎದುರು ಮಾತ್ರ. ಅವಳು ಮೆಂತ್ಯದ ಸೊಪ್ಪು ಮುಂದಿಟ್ಟರೆ ಕುರ್ಚಿ ಎಳೆದು ಕೂತು ಒಂದೊಂದೇ ಎಲೆ ಸೋಸುವರು. ಎಲೆಗೊಂದು ಸ್ಟೇಷನ್ನು. "ಬರ್ನ್ಟ್ ಓಕ್. ಕಾಲಿಂಡೇಲ್. ಹೆಂಡನ್ ಸೆಂಟ್ರಲ್." ಸೊಪ್ಪು ಮುಗಿಯುವ ಹೊತ್ತಿಗೆ ಥೇಮ್ಸ್ ದಾಟಿರುತ್ತಿದ್ದರು.

ಆಕೆ ಬೇಲಿಗೆ ಒರಗಿ, "ಸುಶೀಲಾ, ಡಿಯರ್, ಇವರನ್ನು ನೀನೇ ಇಟ್ಟುಕೊ. ಬೇಕಾದರೆ ಫ್ರಿಜ್ಜೂ ಕೊಡ್ತೀನಿ," ಎನ್ನುವರು.

"ಫ್ರಿಜ್ ಬ್ಯಾಡ, ಸೊಪ್ಪ ಸೋಸವ್ರು ಸಾಕು," ಎಂದು ಸುಶೀಲಾ ಕನ್ನಡದಲ್ಲೇ ಹೇಳುವಳು. ಅದು ಅವರಿಗೆ ತಿಳಿಯುತ್ತಿತ್ತು.

ನಾನು ನಿವೃತ್ತನಾಗಿ ಮನೆಯಲ್ಲಿ ಕೂತದ್ದು ತೊಂಬತ್ತೊಂಬತ್ತರಲ್ಲಿ. ಆ ಬೇಸಿಗೆಯಲ್ಲಿ ಸೊಸೆ ವೀಣಾ ಗರ್ಭಿಣಿ. ಬೆಳಗಾವಿಯ ಹುಡುಗಿ, ಮದುವೆಯಾಗಿ ಐದು ವರ್ಷದ ಮೇಲೆ ನಿಂತ ಗರ್ಭ. ಒಂದು ಮಧ್ಯಾಹ್ನ ಹಿತ್ತಲಲ್ಲಿ ಮೂವರು ಹೆಂಗಸರೂ ಕೂತಿದ್ದರು. ನಾನು ಅಡುಗೆಮನೆಯ ಕಿಟಕಿಯ ಒಳಗಿದ್ದೆ. ಅವತ್ತು ಆಕೆ ಹೇಳಿದ್ದೆಲ್ಲ ನನಗೆ ಕೇಳಿಸಿತು.

ಅವರು ಹುಟ್ಟಿದ್ದು ಜೆರುಸಲೇಮಿನಲ್ಲಿ. ಚಿಕ್ಕವರಿದ್ದಾಗ ವರ್ಷಕ್ಕೊಮ್ಮೆ ಶರತ್ಕಾಲದಲ್ಲಿ ತಾಯಿಯ ಜೊತೆ ಬಸ್ಸಿನಲ್ಲಿ ಬೆತ್ಲೆಹೇಮ್ ರಸ್ತೆಗೆ ಹೋಗುತ್ತಿದ್ದರಂತೆ. ಅಲ್ಲಿ ರಾಹೇಲಳ ಸಮಾಧಿ. ಯೆಹೂದಿಗಳ ಮೂಲತಾಯಿ, ದಾರಿಯಲ್ಲಿ ಹೆರಿಗೆಯಾಗಿ ಸತ್ತವಳು ಆಕೆ. ಸತ್ತ ದಾರಿಯ ಪಕ್ಕದಲ್ಲೇ ಹೂಳಿದರು. ತನ್ನ ಮಕ್ಕಳಿಗಾಗಿ ಆಕೆ ಇನ್ನೂ ಅಲ್ಲೇ ಅಳುತ್ತಿದ್ದಾಳಂತೆ. ಮಕ್ಕಳಿಲ್ಲದವರು, ಬಸಿರಿಯರು ಅಲ್ಲಿಗೆ ಹೋಗಿ ಅತ್ತು ಬರುತ್ತಾರೆ.

"ಸುತ್ತಲೂ ಮುಸಲ್ಮಾನರ ಸ್ಮಶಾನ," ಎಂದರು. "ಅವರ ಹೆಂಗಸರೂ ಬರೋರು. ನಮ್ಮಮ್ಮ ಎಣ್ಣೆ ತಂದರೆ ಅವರು ಬತ್ತಿ ಸರಿಮಾಡೋರು. ಆಮೇಲೆ ಯುದ್ಧ ಆಯ್ತು. ರಸ್ತೆ ಗಡಿಯ ಆ ಕಡೆಗೆ ಹೋಯ್ತು. ಯೆಹೂದಿ ಅಂದರೆ ಬಿಡ್ತಿರಲಿಲ್ಲ. ನಮ್ಮ ಮನೆ ಮೇಲಿಂದ ನೋಡಿದರೆ ಬೆತ್ಲೆಹೇಮಿನ ಗುಡ್ಡ ಕಾಣ್ತಿತ್ತು, ಹೋಗೋ ಹಾಗಿರಲಿಲ್ಲ. ನಮ್ಮಮ್ಮ ಹಾಗೇ ಸತ್ತಳು, ಗುಡ್ಡ ನೋಡ್ತಾ."

"ಎಷ್ಟ ವರ್ಷ ಹಂಗ?" ಎಂದು ಸುಶೀಲಾ ಕೇಳಿದಳು. ವೀಣಾ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು.

"ಹತ್ತೊಂಬತ್ತು ವರ್ಷ. ಅಷ್ಟರಲ್ಲಿ ನಾನು ಲಂಡನ್ನಿಗೆ ಬಂದು ಮದುವೆಯಾಗಿದ್ದೆ. ಮಗು ಆಗಿರಲಿಲ್ಲ. ಇನ್ನೊಂದು ಯುದ್ಧ ಆಗಿ ರಸ್ತೆ ತೆರೆದ ಮರುವರ್ಷವೇ ಓಡಿದೆ. ಉಲನ್ ಅಂಗಡಿಯಿಂದಲೇ ಕೆಂಪು ದಾರದ ಉಂಡೆ ಒಯ್ದೆ. ಸಮಾಧಿಗೆ ಏಳು ಸುತ್ತು ಸುತ್ತಿ, ಬಿಚ್ಚಿ ತಂದೆ. ಮಗಳು ಹುಟ್ಟಿದಳು."

"ಮತ್ತ ಹೋಗಿಲ್ಲೇನು?"

"ಬೇಡಿಕೊಳ್ಳೋಕೆ ಓಡಿದೆ ನೋಡು. ಥ್ಯಾಂಕ್ಸ್ ಹೇಳೋಕೆ ಹೋಗಲೇ ಇಲ್ಲ. ಅಂಗಡಿ, ಮನೆ, ಇವರು. ಈ ಅಕ್ಟೋಬರ್‌ನಲ್ಲಿ ರಾಹೇಲಳ ತಿಥಿಯ ದಿನಕ್ಕೆ ಮಗಳನ್ನೇ ಕರಕೊಂಡು ಹೋಗಬೇಕು. ಇಗೋ, ನೀನು ಕೊಟ್ಟ ಮಗು ಅಂತ ಎದುರಿಗೆ ನಿಲ್ಲಿಸಬೇಕು. ಐದು ದಿನ ಇವರನ್ನು ನೋಡಿಕೊಳ್ಳೋರು ಸಿಕ್ಕರೆ ಸಾಕು."

"ನಮ್ಮ ಮನ್ಯಾಗ ಇರಲಿ ಬಿಡ್ರಿ," ಎಂದಳು ಸುಶೀಲಾ. "ಮೆಂತೆ ತರಸ್ತೀನಿ."

ಆಮೇಲೆ ಅವರು ಒಂದು ಗುಂಡಿ ಡಬ್ಬಿಯಿಂದ ಗೇಣುದ್ದದ ಮಾಸಿದ ಕೆಂಪು ದಾರ ತೆಗೆದರು. ಮೂವತ್ತು ವರ್ಷ ಬೀದಿಯ ಬಸಿರಿಯರಿಗೆಲ್ಲ ಕತ್ತರಿಸಿ ಕೊಟ್ಟು ಉಳಿದದ್ದು ಅಷ್ಟೇ. ವೀಣಾ, "ಆಂಟಿ, ನಿಮ್ಮ ಮಗಳಿಗೇ ಇರಲಿ," ಎಂದಳು.

"ಅವಳಿಗೆ ಹೊಸದು ತರ್ತೀನಲ್ಲ. ಕೈ ಕೊಡು." ಬಾಯಲ್ಲಿ ಏನೋ ಗೊಣಗುತ್ತ ಎಡಗೈಗೆ ಕಟ್ಟಿದರು.

ನಾನು ಕೇಳಿಸಿಕೊಂಡದ್ದು ಇಷ್ಟೂ. ಸಮಾಧಿಯ ಕಥೆ ನನ್ನ ತಲೆಯಲ್ಲಿ ನಿಲ್ಲಲಿಲ್ಲ. ಸ್ಮಶಾನ ನಿಂತಿತು, ದಾರ ನಿಂತಿತು, ಗೊಣಗಿದ್ದು ನಿಂತಿತು. ನಮ್ಮ ಕಡೆ ಸ್ಮಶಾನ ಸುತ್ತಿ ಬಂದ ದಾರವನ್ನು ಬಸಿರಿಯ ಕೈಗೆ ಯಾರು ಕಟ್ಟುತ್ತಾರೆ, ಯಾತಕ್ಕೆ ಕಟ್ಟುತ್ತಾರೆ ಎಂದು ಕೇಳಿ ಬೆಳೆದವನು ನಾನು. ಆ ವಾರ ಪಿನ್ನರ್‌ನಲ್ಲಿ ಕನ್ನಡದವರ ಕೂಟವಿತ್ತು. ಕುಂದಾಪುರದ ಶೆಟ್ಟರು, ಒಂದು ಹೋಟೆಲಿನಲ್ಲಿ ಅಡುಗೆಯವರು, ನನ್ನ ಸ್ನೇಹಿತರು. ಅವರಿಗೆ ಹೇಳಿದೆ.

"ಕಾಣಿ ಪಾಟೀಲ್ರೆ," ಎಂದು ಅವರು ದನಿ ತಗ್ಗಿಸಿದರು. "ನಾ ಹೇಳ್ದೆ ಅಂದ್ಕಣ್ಬೇಡಿ. ಆ ಜನ ಬುದ್ಧಿವಂತ್ರು ಮಾರಾಯ್ರೆ. ಪುಕ್ಕಟೆ ಎಂತದೂ ಕೊಡುದಿಲ್ಲೆ. ಕೊಟ್ರ್ ಅಂದ್ರೆ ಎಂತದೋ ತಕಂಡ್ರ್ ಅಂತ್ಲೆ ಲೆಕ್ಕ."

ಶೆಟ್ಟರಿಗೆ ಒಬ್ಬ ಯೆಹೂದಿಯ ಪರಿಚಯವೂ ಇರಲಿಲ್ಲ. ಅದನ್ನು ನಾನು ಕೇಳಲಿಲ್ಲ.

ಸೆಪ್ಟೆಂಬರ್ ಮೊದಲ ವಾರ ವೀಣಾಗೆ ರಕ್ತ ಕಾಣಿಸಿತು. ಮಗ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಅವಳ ಕೈಯಿಂದ ದಾರ ಬಿಚ್ಚಿಸಿ ನಾನೇ ಜೇಬಿನಲ್ಲಿಟ್ಟುಕೊಂಡು ಬಂದೆ. ಮನೆಯಲ್ಲಿ ಯಾರೂ ಇರಲಿಲ್ಲ. ರೊಟ್ಟಿಯ ಹಂಚನ್ನು ಒಲೆಯ ಮೇಲಿಟ್ಟು, ಉಪ್ಪು, ಸಾಸಿವೆ, ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ, ನಡುವೆ ಆ ದಾರ ಹಾಕಿದೆ. ಇಲ್ಲಿನ ಮನೆಗಳಲ್ಲಿ ಹೊಗೆ ಕಂಡರೆ ಕೂಗುವ ಯಂತ್ರ ಚಾವಣಿಯಲ್ಲಿರುತ್ತದೆ. ಅದು ಬೀದಿಗೆಲ್ಲ ಕೇಳುವ ಹಾಗೆ ಕಿರುಚಿತು. ಮರುಕ್ಷಣ ಬಾಗಿಲು ಬಡಿತ. ಒದ್ದೆ ಟವೆಲು ಹಿಡಿದು ಅವರೇ ನಿಂತಿದ್ದರು.

"ಬೆಂಕಿಯಾ? ಸುಶೀಲಾ ಎಲ್ಲಿ?"

"ಇಲ್ಲ, ಇಲ್ಲ. ಅಡುಗೆ."

ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸುತ್ತ ಒಳಗೆ ನುಗ್ಗಿ, ಕುರ್ಚಿ ಹತ್ತಿ ಆ ಯಂತ್ರದ ಬಾಯಿ ಮುಚ್ಚಿಸಿದರು. "ಮಿಸ್ಟರ್ ಪಾಟೀಲ್, ಇದನ್ನು ನೀವು ತಿಂತೀರಾ?" ಎಂದು ನಕ್ಕರು. ಹಂಚಿನ ಕಡೆ ನೋಡಲಿಲ್ಲ. ನಾನು ಅದಕ್ಕೆ ಅಡ್ಡವಾಗಿ ನಿಂತಿದ್ದೆ. ಸುಡುವ ಹೊತ್ತಿಗೇ ಸರಿಯಾಗಿ ಓಡಿಬಂದರಲ್ಲ, ಸುಟ್ಟಿದ್ದು ಅವರಿಗೆ ತಗುಲಿರಬೇಕು ಎಂದು ನನಗೆ ಖಾತ್ರಿಯಾಯಿತು.

ಆದರೂ ಬಾಯಿ ಬಿಟ್ಟಿರಲಿಲ್ಲ. ಎರಡು ವಾರದ ಮೇಲೆ ಬೇಲಿಯ ಹತ್ತಿರ ಗುಲಾಬಿಗೆ ಕತ್ತರಿ ಹಾಕುತ್ತಿದ್ದೆ. ಅವರು ಬಿಳಿ ಅಂಗಿ ಹಾಕಿಕೊಂಡು ಬಂದರು. ಮುಖ ಗಂಭೀರವಾಗಿತ್ತು.

"ಮಿಸ್ಟರ್ ಪಾಟೀಲ್, ಈ ವರ್ಷ ಗೊತ್ತಿದ್ದೋ ಗೊತ್ತಿಲ್ಲದೆಯೋ ನಿಮಗೆ, ನಿಮ್ಮ ಮನೆಯವರಿಗೆ ನಾನು ಏನಾದರೂ ಕೆಡುಕು ಮಾಡಿದ್ದರೆ ಕ್ಷಮಿಸಬೇಕು."

ನನ್ನ ಕೈಯಿಂದ ಕತ್ತರಿ ಬಿತ್ತು. ಕೇಳದೆಯೇ ಒಪ್ಪಿಕೊಂಡಳು! ಸೊಸೆ ಇನ್ನೂ ಆಸ್ಪತ್ರೆಗೆ ಓಡಾಡುತ್ತಿದ್ದಾಳೆ, ಇವಳು ಬಂದು ಕೆಡುಕು ಎನ್ನುತ್ತಿದ್ದಾಳೆ.

"ಏನು ಮಾಡಿದ್ದೀರಿ ಅಂತ ನನಗೆ ಗೊತ್ತು," ಎಂದೆ. "ದಾರ ಸುಟ್ಟುಹಾಕಿದ್ದೇನೆ. ಇನ್ನು ನಮ್ಮ ಮನೆಯ ಹೊಸ್ತಿಲು ತುಳಿಯಬೇಡಿ. ನಿಮ್ಮ ಗಂಡನನ್ನೂ ಕಳಿಸಬೇಡಿ. ನಿಮ್ಮವರ ವಿಷಯ ಜಗತ್ತಿಗೆಲ್ಲ ಗೊತ್ತು."

ಅವರು ಕನ್ನಡಕ ತೆಗೆದರು. ಕನ್ನಡಕವಿಲ್ಲದ ಅವರ ಮುಖವನ್ನು ನಾನು ನೋಡಿದ್ದು ಅವತ್ತೇ. ಸಿಟ್ಟು ಕಾಣಲಿಲ್ಲ, ಆಶ್ಚರ್ಯವೂ ಕಾಣಲಿಲ್ಲ. ಎಲ್ಲೋ ಕೇಳಿದ ದನಿಯನ್ನು ಗುರುತು ಹಿಡಿಯುವವರ ಹಾಗಿದ್ದರು.

"ಹೌದಾ?" ಎಂದರು. "ಏನು ಗೊತ್ತು ಜಗತ್ತಿಗೆ?"

ಕತ್ತರಿ ಹುಡುಕುವವನ ಹಾಗೆ ಬಗ್ಗಿದೆ. ಎದ್ದು ನೋಡಿದಾಗ ಅವರು ಒಳಗೆ ಹೋಗಿದ್ದರು.

ಸುಶೀಲಾಗೆ ಹೇಳಿದೆ: ಆ ಮುದುಕನನ್ನು ಇಟ್ಟುಕೊಳ್ಳುವ ಹಾಗಿಲ್ಲ. ಬೇರೆ ಸಮಯದಲ್ಲಾಗಿದ್ದರೆ ಅವಳು ನನ್ನ ಮಾತು ಮೀರುತ್ತಿದ್ದಳು. ಆದರೆ ಸೊಸೆ ಹಾಸಿಗೆ ಹಿಡಿದಿದ್ದಳು, ಮನೆಯಲ್ಲಿ ಎಲ್ಲರಿಗೂ ಜೀವ ಕೈಯಲ್ಲಿತ್ತು. ಅವಳೂ ಒಂದು ಗಳಿಗೆ ಹೆದರಿದಳು. ಆ ಗಳಿಗೆ ನನಗೆ ಸಾಕಾಯಿತು. ಅಕ್ಟೋಬರ್‌ನಲ್ಲಿ ಅವರು ಹೋಗಲಿಲ್ಲ. ಗೋಡೆಯಾಚೆ ಮಗಳ ದನಿ ಏರಿ ಇಳಿಯಿತು, ಆಮೇಲೆ ಅವರ ದನಿ, "ಬರುವ ವರ್ಷ. ಬರುವ ವರ್ಷ ಹೋದರಾಯ್ತು," ಎಂದು.

ದಸರೆಯ ದಿನ ಸುಶೀಲಾ ಊರಿಂದ ಯಾರೋ ತಂದಿದ್ದ ಒಣ ಬನ್ನಿ ಎಲೆಯನ್ನು ನನ್ನ ಕೈಗಿಟ್ಟು ಕಾಲು ಮುಟ್ಟಿದಳು. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ." ಹಾಗೇ ನಿಂತಳು. "ಆಕಿನೂ ಇದನ್ನ ಕೇಳಾಕ ಬಂದಿದ್ಲು."

"ಯಾರು?"

"ಇನ್ನ್ಯಾರು? ಅವರ ದೊಡ್ಡ ಉಪಾಸದ ಮುಂದ ಎಲ್ಲಾರ ಹತ್ರ ಹೋಗಿ ತಪ್ಪಾಗಿದ್ರ ಕ್ಷಮಾ ಮಾಡ್ರಿ ಅಂತಾರ. ಹಂಗ ಕೇಳಲಾರದ ದೇವರ ಮುಂದ ನಿಂದರಂಗಿಲ್ಲಂತ. ನಾವು ಈ ಮನಿಗೆ ಬಂದಾಗಿಂದ ವರ್ಷಾ ನನ್ನ ಕೇಳ್ತಾಳ. ನೀವು ಕೆಲಸಕ್ಕ ಹೋಗಿರ್ತಿದ್ರಿ."

"ಮೊದಲ ಯಾಕ ಹೇಳಲಿಲ್ಲ?"

"ನೀವು ಯಾವತ್ತರೆ ಆಕಿ ಬಗ್ಗೆ ಒಂದ ಮಾತ ಕೇಳೀರೇನು? ಕೇಳಿದ್ದು ಬರೇ ಗ್ವಾಡಿನ್ನ."

ಗೋಡೆಯನ್ನೇ ಕೇಳಿದ್ದೀರಿ ಎಂದಳು. ನಿಜವಾಗಿತ್ತು. ಅದೇ ಹೊತ್ತಿಗೆ ಆಸ್ಪತ್ರೆಯವರು ವೀಣಾಗೆ ಬಿಡಿಸಿ ಹೇಳಿದರು: ಮಾಸು ಗರ್ಭಕೋಶದ ಕೆಳಗೆ ಕೂತಿತ್ತು, ಅದಕ್ಕೇ ರಕ್ತ, ಈಗ ಮೇಲೆ ಸರಿಯುತ್ತಿದೆ, ಹೆದರಬೇಡಿ. ಚಳಿಗಾಲ ಮುಗಿಯುವಾಗ ಮೊಮ್ಮಗಳು ಹುಟ್ಟಿದಳು. ಗುಂಡುಗುಂಡಗಿದ್ದಳು.

ಆ ದಸರೆಯ ದಿನವೇ ಹೋಗಿ ಅವರ ಬಾಗಿಲು ತಟ್ಟಬೇಕಿತ್ತು. ಆ ವರ್ಷದ ರಾಹೇಲಳ ದಿನ ಇನ್ನೂ ಬಂದಿರಲಿಲ್ಲ. ತಟ್ಟಲಿಲ್ಲ. ಒಬ್ಬ ಹೆಂಗಸಿನ ಮುಂದೆ, ಅದೂ ಪರಜಾತಿಯವಳ ಮುಂದೆ, ಮುಖ ಕೆಳಗೆ ಹಾಕುವುದು ನನ್ನಿಂದ ಆಗಲಿಲ್ಲ. ಬರುವ ವರ್ಷ ಸುಶೀಲಾ ತಾನೇ ಏರ್ಪಾಡು ಮಾಡುತ್ತಾಳೆ, ನಾನು ಅಡ್ಡ ಬರದಿದ್ದರಾಯಿತು ಎಂದುಕೊಂಡೆ. ಮೊದಲನೆಯ ತಪ್ಪನ್ನು ಹೆದರಿಕೆಯಲ್ಲಿ ಮಾಡಿದೆ. ಎರಡನೆಯದನ್ನು ಎಲ್ಲ ಗೊತ್ತಿದ್ದೂ ಮಾಡಿದೆ.

ಮರುವರ್ಷದ ಶರತ್ಕಾಲದಲ್ಲಿ ಅಲ್ಲಿ ಗಲಭೆ ಎದ್ದಿತು. ಆ ಸಮಾಧಿಯ ಸುತ್ತಲೇ ಕಲ್ಲು, ಗುಂಡು. ರಸ್ತೆ ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು. ಗುಂಡು ತಾಗದ ಬಸ್ಸಿನಲ್ಲಿ ಸೈನಿಕರ ಕಾವಲಿನಲ್ಲಿ ಮಾತ್ರ ಹೋಗಬೇಕು ಎಂದಾಯಿತು. ಕೊನೆಗೆ ಸುತ್ತ ಎತ್ತರದ ಕಾಂಕ್ರೀಟು ಗೋಡೆ ಬಂತು. ಮಗಳಿಗೆ ಪುಟ್ಟ ಮಕ್ಕಳಾಗಿದ್ದವು. ಆ ಬಸ್ಸಿಗೆ ಹತ್ತುವುದಿಲ್ಲ, ನಿನ್ನನ್ನೂ ಹತ್ತಿಸುವುದಿಲ್ಲ ಎಂದು ಹಟ ಹಿಡಿದಳು. ಒಂದು ದಿನ ಬೇಲಿಯಲ್ಲಿ ಅವರು ಸುಶೀಲಾಗೆ ಹೇಳುತ್ತಿದ್ದದ್ದು ಕೇಳಿಸಿತು: "ಈಗ ನಮಗೆ ಬಸ್ಸು ಬೇಕು. ಪಕ್ಕದ ಓಣಿಯಲ್ಲೇ ಹುಟ್ಟಿದ ಮುಸಲ್ಮಾನರ ಹೆಂಗಸರನ್ನ ಒಳಗೇ ಬಿಡೋಲ್ಲ. ಬತ್ತಿ ಸರಿಮಾಡ್ತಿದ್ದೋಳ ಮೊಮ್ಮಗಳು ಗೋಡೆಯ ಆ ಕಡೆ ನಿಂತಿರ್ತಾಳೆ. ರಾಹೇಲಳಿಗೆ ಅಳೋಕೆ ಇನ್ನೊಂದು ಕಾರಣ."

ಆ ವರ್ಷಗಳಲ್ಲಿ ಅವರು ನಮ್ಮ ಮನೆಯೊಳಗೆ ಬರಲಿಲ್ಲ. ಮೊಮ್ಮಗಳನ್ನು ಬೇಲಿಯ ಮೇಲಿಂದಲೇ ಎತ್ತಿಕೊಂಡರು. ಸುಶೀಲಾ ಎಷ್ಟು ಕರೆದರೂ, "ಇಲ್ಲೇ ಗಾಳಿ ಚೆನ್ನಾಗಿದೆ," ಎನ್ನುತ್ತಿದ್ದರು. ಅವರ ಗಂಡ ತೀರಿಕೊಂಡಾಗ ಸುಶೀಲಾ ಸೂತಕದ ಏಳು ದಿನವೂ ಅವರ ಮನೆಗೆ ಹೋಗಿ ಕೂತು ಬಂದಳು. ಅದರ ಮರುವರ್ಷ ಸುಶೀಲಾಳೇ ಹೋದಳು. ನಮ್ಮ ಮನೆ ತುಂಬ ಜನ. ಪಿನ್ನರ್‌ನಿಂದ, ಅಕ್ಸ್‌ಬ್ರಿಡ್ಜ್‌ನಿಂದ, ಎಲ್ಲೆಲ್ಲಿಂದಲೋ ಬಂದವರು ಹೊಸ್ತಿಲು ದಾಟುತ್ತಿದ್ದರು. ಅವರು ಮಾತ್ರ ಗೇಟಿನ ಹೊರಗೆ, ಪೇವ್‌ಮೆಂಟಿನ ಮೇಲೆ, ಕೋಲೂರಿ ನಿಂತಿದ್ದರು. ಯಾಕೆ ಅಲ್ಲೇ ನಿಂತರು ಎಂದು ಜನರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಹೊಸ್ತಿಲು ತುಳಿಯಬೇಡಿ ಎಂದವನು ನಾನು. ವೀಣಾ ಹೋಗಿ ಕೈಹಿಡಿದು ಎಳೆದಳು. ಅವರು ಅವಳ ತಲೆಯ ಮೇಲಿಂದ ನನ್ನ ಕಡೆ ನೋಡಿದರು. ನಾನು ಬನ್ನಿ ಎಂದು ಕೈ ಮಾಡಿದೆ. ಆಮೇಲೆ ಒಳಗೆ ಬಂದರು. ಸುಶೀಲಾಳ ಪಾದದ ಹತ್ತಿರ ನಿಂತು ತಮ್ಮ ಕೋಟಿನ ಅಂಚನ್ನು ಚೂರು ಹರಿದುಕೊಂಡರು. ಹಾಗೆ ಹರಿದುಕೊಳ್ಳುವುದು ಹೆತ್ತವರಿಗೆ, ಒಡಹುಟ್ಟಿದವರಿಗೆ, ಗಂಡ ಮಕ್ಕಳಿಗೆ ಮಾತ್ರವಂತೆ. ಅವರ ಮಗಳು ಆಮೇಲೆ ಹೇಳಿದಳು.

ಎರಡು ಸಾವಿರದ ಏಳರಲ್ಲಿ ಅವರಿಗೆ ಲಕ್ವ ಹೊಡೆಯಿತು. ಬುದ್ಧಿ ನೆಟ್ಟಗಿತ್ತು, ಕಾಲು ಹೋದವು. ಆ ಹೊತ್ತಿಗೆ ಅಲ್ಲಿಯ ಗಲಾಟೆಯೂ ಸ್ವಲ್ಪ ತಣ್ಣಗಾಗಿತ್ತು. ತಾಯಿಯನ್ನು ನೋಡಿಕೊಳ್ಳಲು ಬಂದು ನಿಂತಿದ್ದ ಮಗಳು ಒಂದು ದಿನ ಕಸದ ಡಬ್ಬಿ ಹೊರಗಿಡುತ್ತ ನನ್ನೊಡನೆ ಮಾತಾಡಿದಳು. "ಅಮ್ಮನನ್ನು ಈಗಲಾದರೂ ಕರಕೊಂಡು ಹೋಗಬೇಕು ಅಂತಿದೀನಿ ಅಂಕಲ್. ಆದರೆ ಆ ಬಸ್ಸು ಎತ್ತರ, ಗಾಲಿಕುರ್ಚಿ ಎತ್ತಬೇಕು. ನನ್ನೊಬ್ಬಳಿಂದ ಆಗಲ್ಲ. ಇನ್ನೊಬ್ಬರು ಬೇಕು. ಕೇಳಿದವರೆಲ್ಲ ಆ ಜಾಗ ಅಂದರೆ ಹಿಂದೆ ಸರೀತಾರೆ."

ನನಗೆ ಆಗ ಎಪ್ಪತ್ತು ದಾಟಿತ್ತು, ಆದರೆ ಗೋದಾಮಿನಲ್ಲಿ ಪಳಗಿದ ತೋಳು. "ನಾನು ಬರ್ತೀನಿ," ಎಂದೆ.

ಅವಳು ಹಿಗ್ಗಿದಳು. "ಅಮ್ಮನಿಗೆ ನೀವೇ ಹೇಳಿ," ಎಂದು ನನ್ನನ್ನು ಒಳಗೆ ಕರೆದೊಯ್ದಳು. ಅಷ್ಟು ವರ್ಷದಲ್ಲಿ ಆ ಮನೆಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ನಮ್ಮದೇ ಮನೆಯನ್ನು ಕನ್ನಡಿಯಲ್ಲಿ ನೋಡಿದ ಹಾಗಿತ್ತು. ನಮ್ಮ ಎಡಕ್ಕಿದ್ದದ್ದು ಅವರ ಬಲಕ್ಕೆ. ಅವರು ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿ ಕೂತಿದ್ದರು. ಮಗಳು ಚಹಾಕ್ಕೆ ಹೋದಳು.

"ಮೇಡಂ," ಎಂದೆ. ಎಷ್ಟೋ ವರ್ಷ ಕಟ್ಟಿಟ್ಟುಕೊಂಡಿದ್ದ ಮಾತು ಹರಕು ಇಂಗ್ಲಿಷಿನಲ್ಲಿ ಬಂತು. "ಆ ವರ್ಷ ನಾನು ತಪ್ಪು ಮಾಡಿದೆ. ದಾರದ ವಿಷಯ. ನಿಮಗೆ ಅಂದ ಮಾತು. ನಿಮ್ಮ ಪ್ರಯಾಣ ಕೆಡಿಸಿದ್ದು. ಕ್ಷಮಿಸಿ."

"ಗೊತ್ತು. ಸುಶೀಲಾ ಹೇಳಿದ್ದಳು, ಇವರು ಒಂದು ದಿನ ಬಂದು ಕೇಳ್ತಾರೆ ಅಂತ. ಅವಳು ಇರುವಾಗಲೇ ಬರ್ತೀರಿ ಅಂದುಕೊಂಡಿದ್ದೆ." ಒಂದು ಬದಿಗೆ ವಾಲಿದ ಬಾಯಲ್ಲೇ ನಕ್ಕರು. "ಕ್ಷಮಿಸಿದೆ. ಮನಸಾರೆ. ಕೋಪ ಇಟ್ಟುಕೊಳ್ಳೋಕೆ ಈ ಕುರ್ಚಿಯಲ್ಲಿ ಜಾಗ ಎಲ್ಲಿದೆ?"

ನನ್ನ ಎದೆ ಹಗುರಾಯಿತು. ಆತುರಪಟ್ಟೆ. "ಹಾಗಾದರೆ ನಾನು ನಿಮ್ಮ ಜೊತೆ ಬರುತ್ತೇನೆ. ಕುರ್ಚಿ ತಳ್ಳುತ್ತೇನೆ. ಬಸ್ಸಿಗೆ ಎತ್ತುತ್ತೇನೆ. ಬಾಗಿಲವರೆಗೂ ಬಿಡುತ್ತೇನೆ."

ಅವರ ನಗು ನಿಂತಿತು. ಕನ್ನಡಕದ ಹಿಂದಿನಿಂದ ನನ್ನನ್ನು ಬಹಳ ಹೊತ್ತು ನೋಡಿದರು.

"ಯಾಕೆ ಬರ್ತೀರಿ?"

"ನಿಮ್ಮ ಋಣ..."

"ಬೇಡ," ಎಂದರು. ದನಿ ಮೆತ್ತಗಿತ್ತು. "ತಪ್ಪು ತಿಳೀಬೇಡಿ. ಕ್ಷಮಿಸಿದ್ದು ನಿಜ. ಆದರೆ ಕುರ್ಚಿ ತಳ್ಳೋರು ಹಿಂದೆ ನಿಂತಿರ್ತಾರೆ ಮಿಸ್ಟರ್ ಪಾಟೀಲ್. ಅವರ ಮುಖ ನನಗೆ ಕಾಣಲ್ಲ. ರಾಹೇಲಳ ಮುಂದೆ ನಾನು ಇನ್ನು ಒಂದೇ ಸಲ ಹೋಗೋದು. ಅಲ್ಲಿ ಕೂತು, ಹಿಂದಿರೋರು ಏನು ಯೋಚಿಸ್ತಿದಾರೋ ಅಂತ ತಿರುಗಿ ತಿರುಗಿ ನೋಡೋದು ನನಗೆ ಬೇಡ."

ಮಗಳು ಚಹಾ ತಂದಳು. ಬಿಸ್ಕತ್ತಿನ ತಟ್ಟೆಯನ್ನು ಅವರೇ ನನ್ನ ಕಡೆ ಸರಿಸಿದರು. ನಾನು ತಿಂದೆ. ಹವೆಯ ಬಗ್ಗೆ, ನರಿಗಳ ಬಗ್ಗೆ ಮಾತಾಡಿದೆವು. ಹೊರಡುವಾಗ ಮಗಳು ಬಾಗಿಲವರೆಗೆ ಬಂದು, "ಏನಂದಳು ಅಂಕಲ್? ಯಾವಾಗ ಹೋಗೋಣ ಅಂತೆ?" ಎಂದು ಕೇಳಿದಳು. ನನ್ನ ಡಾಕ್ಟರು ಅಷ್ಟು ದೂರ ಹೋಗಬೇಡ ಅಂದಿದ್ದಾರೆ, ನನಗೇ ಆಗುವುದಿಲ್ಲ ಎಂದು ಸುಳ್ಳು ಹೇಳಿದೆ.

ಅವರು ಆ ಚಳಿಗಾಲ ದಾಟಲಿಲ್ಲ. ಕೊನೆಯ ವಾರದವರೆಗೂ ಮಗಳು ಗೋಡೆಯಾಚೆ ಒಬ್ಬರಾದ ಮೇಲೊಬ್ಬರಿಗೆ ಫೋನ್ ಮಾಡಿ, ಕುರ್ಚಿ ಹಿಡಿಯಲು ಇನ್ನೊಬ್ಬರು ಬೇಕು, ಯಾರಾದರೂ ಸರಿ, ಎಂದು ಕೇಳುತ್ತಿದ್ದಳು. ನನಗೆ ಎಲ್ಲ ಕೇಳಿಸುತ್ತಿತ್ತು.